ಬಂಕಾಪುರದಿಂದ ಪುಲಿಗೆರೆಗೆ: ಒಂದು ದಿನದ ದಾರಿ ಮತ್ತು ಒಬ್ಬ ಮಾರ್ಗದರ್ಶಿ

ಗೋವಿನಜೋಳದ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ, ಶಾಲೆಗೆ ರಜೆ ಇರುವ ದಿನ ನೋಡಿ, ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರುಗಳಿಂದ ಬಾಡಿಗೆ ಕಾರು ಮಾಡಿಕೊಂಡು ಒಂದು ದಿನದ ಪ್ರವಾಸ ಹೊರಡುವುದು ಈಗ ಸಾಮಾನ್ಯ ಸಂಗತಿ. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟವರು ರಾಣೇಬೆನ್ನೂರಿನಲ್ಲಿ ಹೆದ್ದಾರಿ ಸೇರಿ, ಮೋಟೆಬೆನ್ನೂರು, ಹಾವೇರಿಗಳನ್ನು ದಾಟಿ ಶಿಗ್ಗಾಂವಿಯ ಕಡೆಗೆ ಸಾಗುತ್ತಾರೆ. ಬಾಡದಲ್ಲಿ ಕನಕದಾಸರ ನೆಲೆ, ಗೊಟಗೋಡಿಯಲ್ಲಿ ಶಿಲ್ಪಗಳ ಉದ್ಯಾನ, ಬಂಕಾಪುರದಲ್ಲಿ ಕೋಟೆ ಮತ್ತು ನವಿಲುಗಳು. ಇಷ್ಟನ್ನು ಕಂಡು ಸಂಜೆಗೆ ಮನೆ ಸೇರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇವರ ಪಟ್ಟಿಯಲ್ಲಿ ಬಂಕಾಪುರದ ಮುಂದೆ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಬರುವುದು ಅಪರೂಪ. ಬಂದರೂ ಅದು ಬೇರೊಂದು ದಿನದ, ಬೇರೊಂದು ಜಿಲ್ಲೆಯ ಊರಾಗಿ ಬರುತ್ತದೆ. ಕಾರಿನಲ್ಲಿ ಸುಮಾರು ಒಂದು ಗಂಟೆಯ ಅಂತರದಲ್ಲಿರುವ ಈ ಎರಡು ನಗರಗಳನ್ನು ಒಂದೇ ದಿನ, ಒಂದೇ ಕಥೆಯಾಗಿ, ಬಲ್ಲವರೊಬ್ಬರ ಜೊತೆಯಲ್ಲಿ ನೋಡುವ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಬೆಳೆಯಬೇಕು ಎಂಬುದಕ್ಕೆ ಬಲವಾದ ಕಾರಣಗಳಿವೆ.

ಯುರೋಪಿನಲ್ಲಿ ಇಂಥ ಪ್ರವಾಸ ಒಂದು ವ್ಯವಸ್ಥಿತ ವೃತ್ತಿಯಾಗಿದೆ. ಮಕ್ಕಳು ಹೊರದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರು ಅಲ್ಲಿಗೆ ಹೋದಾಗ ಕಾರು, ಚಾಲಕ, ಗೈಡ್ ಮೂರನ್ನೂ ಒಟ್ಟಿಗೆ ಗೊತ್ತುಮಾಡಿಕೊಂಡು ಫ್ಲಾರೆನ್ಸಿನಿಂದ ಸಿಯೆನಾಕ್ಕೆ, ವಿಯೆನ್ನಾದಿಂದ ಪ್ರಾಗ್‌ಗೆ ಒಂದೇ ದಿನದಲ್ಲಿ ಹೋಗುವುದುಂಟು. ಫ್ಲಾರೆನ್ಸ್–ಸಿಯೆನಾ ದಾರಿಯ ಸ್ವಾರಸ್ಯ ಎರಡು ಊರುಗಳ ಚರ್ಚುಗಳಲ್ಲಿ ಮಾತ್ರ ಇಲ್ಲ. 1260ರಲ್ಲಿ ಮೊಂತಪೆರ್ತಿಯ ಕದನದಲ್ಲಿ ಸಿಯೆನಾ ಫ್ಲಾರೆನ್ಸನ್ನು ಸೋಲಿಸಿದ್ದು, 1555ರಲ್ಲಿ ಅದೇ ಸಿಯೆನಾ ಮುತ್ತಿಗೆಗೆ ಸಿಲುಕಿ ಶರಣಾಗಿ ಕೊನೆಗೆ ಫ್ಲಾರೆನ್ಸಿನ ಅರಸುಮನೆತನದ ಕೈಸೇರಿದ್ದು, ಈ ಹಗೆತನದ ಕಥೆಯೇ ಆ ದಾರಿಯನ್ನು ಅರ್ಥಪೂರ್ಣಗೊಳಿಸುತ್ತದೆ. ಅದನ್ನು ಹೇಳುವವನು ಗೈಡ್. ಇಟಲಿ, ಆಸ್ಟ್ರಿಯಾ ದೇಶಗಳಲ್ಲಿ ಗೈಡ್ ಆಗಲು ಪರೀಕ್ಷೆ ಕೊಟ್ಟು ಪರವಾನಗಿ ಪಡೆಯಬೇಕು. ಊರಿನ ಇತಿಹಾಸವನ್ನು ತಪ್ಪಾಗಿ ಹೇಳುವುದು ಅಲ್ಲಿ ವೃತ್ತಿದೋಷ.

ಬಂಕಾಪುರ ಮತ್ತು ಪುಲಿಗೆರೆಗಳ ನಡುವೆ ಇಂಥದೊಂದು ಕಥೆ ಇದೆಯೇ? ಒಂದಲ್ಲ, ಕನಿಷ್ಠ ಮೂರು ಇವೆ.

ಮೊದಲನೆಯದು ಅಮೋಘವರ್ಷ ನೃಪತುಂಗನ ಕಾಲದ್ದು. ಒಂಬತ್ತನೆಯ ಶತಮಾನದಲ್ಲಿ ಅವನ ಆಸ್ಥಾನದಲ್ಲಿ ಸಿದ್ಧವಾದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಪುಲಿಗೆರೆಯನ್ನು ಹೆಸರಿಸಿತು. ಅದೇ ಅಮೋಘವರ್ಷನ ಸೇನಾಪತಿ ಚೆಲ್ಲಕೇತನ ವಂಶದ ಬಂಕೇಯ. ಬಂಕಾಪುರಕ್ಕೆ ಹೆಸರು ಬಂದದ್ದು ಇವನಿಂದ. ಹೀಗೆ ಒಬ್ಬನೇ ಅರಸನ ಆಸ್ಥಾನ ಒಂದು ಊರಿಗೆ ಭಾಷೆಯ ಮನ್ನಣೆಯನ್ನೂ ಇನ್ನೊಂದು ಊರಿಗೆ ಅದರ ಹೆಸರನ್ನೂ ಕೊಟ್ಟಿತು. ಬಂಕೇಯನ ಮಗ ಲೋಕಾದಿತ್ಯ ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820ರಲ್ಲಿ, ಎಂದರೆ ಕ್ರಿ.ಶ. 898ರ ಸುಮಾರಿಗೆ, ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಅಲ್ಲಿ ಪೂಜೆ ನಡೆಯಿತು. ಜಿನಸೇನಾಚಾರ್ಯರು ಆರಂಭಿಸಿ ಪೂರೈಸದೆ ಹೋದ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಮುಗಿಸಿದರು; ಅವರ ಶಿಷ್ಯ ಲೋಕಸೇನರು ಆ ಗ್ರಂಥವನ್ನು ಲೋಕಕ್ಕೆ ಒಪ್ಪಿಸಿದರು. ಮೂರು ತಲೆಮಾರಿನ ಗುರುಶಿಷ್ಯರ ದುಡಿಮೆ ಪೂರ್ಣಗೊಂಡ ಊರು ಬಂಕಾಪುರ. ಪಂಪ, ರನ್ನ, ಚಾವುಂಡರಾಯರ ಪುರಾಣಗಳೆಲ್ಲ ಆ ಮಹಾಪುರಾಣದ ನೆರಳಿನಲ್ಲಿ ಬೆಳೆದವು.

ಎರಡನೆಯದು ಒಬ್ಬ ಅರಸನ ಬದುಕು. ಗಂಗರ ಇಮ್ಮಡಿ ಮಾರಸಿಂಹನಿಗೆ ‘ಗಂಗಕಂದರ್ಪ’ ಎಂಬ ಬಿರುದಿತ್ತು. ಶಕ 890ರ, ಎಂದರೆ 968ರ ಸುಮಾರಿನ ಲಕ್ಷ್ಮೇಶ್ವರದ ಶಾಸನವು ಪುಲಿಗೆರೆಯಲ್ಲಿ ಅವನ ಬಿರುದನ್ನೇ ಹೊತ್ತ ಜಿನಾಲಯಕ್ಕೆ ಕೊಟ್ಟ ದಾನವನ್ನು ದಾಖಲಿಸುತ್ತದೆ. ಆಗ ಅವನು ರಾಷ್ಟ್ರಕೂಟರ ಬಲಗೈ. ಗೆಲುವಿನ ಮೇಲೆ ಗೆಲುವು ಕಂಡವನು. ಐದೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 973ರಲ್ಲಿ ಚಾಳುಕ್ಯ ತೈಲಪನ ಕೈಯಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯ ಉರುಳಿತು. ತನ್ನ ಸೋದರಳಿಯ ನಾಲ್ಕನೆಯ ಇಂದ್ರನನ್ನು ಆ ಸಿಂಹಾಸನದ ಮೇಲೆ ನಿಲ್ಲಿಸಲು ಮಾರಸಿಂಹ ಹೆಣಗಿದ, ಫಲಿಸಲಿಲ್ಲ. ಕೊನೆಗೆ ರಾಜ್ಯವನ್ನು ತೊರೆದು ಬಂಕಾಪುರಕ್ಕೆ ಬಂದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ಆಚರಿಸಿ 974ರ ಸುಮಾರಿಗೆ ದೇಹ ಬಿಟ್ಟ. ಇದನ್ನು ಹೇಳುವ ಶಾಸನ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲಿದೆ. ಒಬ್ಬ ಅರಸನ ವೈಭವದ ಗುರುತು ಪುಲಿಗೆರೆಯಲ್ಲಿ, ವೈರಾಗ್ಯದ ನೆಲ ಬಂಕಾಪುರದಲ್ಲಿ. ನಡುವೆ ಕಾರಿನ ಒಂದು ಗಂಟೆ.

ಮೂರನೆಯದು ಎರಡೂ ನಗರಗಳಿಗಿಂತ ದಾರಿಗೇ ಹೆಚ್ಚು ಸಂಬಂಧಪಟ್ಟದ್ದು. ಬಂಕಾಪುರದ ತಾಲ್ಲೂಕು ಕೇಂದ್ರ ಶಿಗ್ಗಾಂವಿ. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಶಕ 630ರ, ಎಂದರೆ 707–08ರ ತಾಮ್ರಪಟಗಳು ಶಿಗ್ಗಾಂವಿಯ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಆಳುಪ ಅರಸ ಚಿತ್ರವಾಹನನ ಬಿನ್ನಹದ ಮೇರೆಗೆ ವಿಜಯಾದಿತ್ಯನು ಗುಡಿಗೇರಿ ಗ್ರಾಮವನ್ನು ಪುಲಿಗೆರೆಯ ಬಸದಿಗೆ ದಾನವಾಗಿ ಕೊಟ್ಟ ಸಂಗತಿ ಅವುಗಳಲ್ಲಿದೆ. ಆ ಬಸದಿಯನ್ನು ಕಟ್ಟಿಸಿದವಳು ಕುಂಕುಮ ಮಹಾದೇವಿ, ವಿಜಯಾದಿತ್ಯನ ತಂಗಿ. ಗುಡಿಗೇರಿಯಲ್ಲಿ ದೊರೆತ 1076ರ ಶಾಸನದಲ್ಲಿಯೂ ಅದೇ ಆನೆಸೆಜ್ಜೆಯ ಬಸದಿಯ ಹೊಲಗಳ ಪ್ರಸ್ತಾಪವಿದೆ. ಆಗ ಅವುಗಳ ಹೊಣೆ ಶ್ರೀನಂದಿ ಪಂಡಿತರದು. ಮೂರೂವರೆ ಶತಮಾನಗಳಿಗೂ ಮಿಗಿಲಾಗಿ, ಅರಸುಮನೆತನಗಳು ಬದಲಾದರೂ, ಒಬ್ಬ ಹೆಣ್ಣುಮಗಳು ಕಟ್ಟಿಸಿದ ಬಸದಿಯ ಭೂಮಿ ಆ ಬಸದಿಯ ಹೆಸರಿನಲ್ಲೇ ಉಳಿದಿತ್ತು. ಗುಡಿಗೇರಿಯ ಹೊಲಗಳನ್ನು ಕಂಡವರಿಗೆ ಈ ಮಾತು ತಿಳಿದಿದ್ದರೆ ಆ ಎರೆಮಣ್ಣು ಬೇರೆಯಾಗಿಯೇ ಕಾಣಿಸೀತು.

ಇಂದು ಬಂಕಾಪುರ ಹಾವೇರಿ ಜಿಲ್ಲೆಯಲ್ಲಿದೆ, ಗುಡಿಗೇರಿ ಧಾರವಾಡ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರ ಗದಗ ಜಿಲ್ಲೆಯಲ್ಲಿ. ಹಾವೇರಿ ಮತ್ತು ಗದಗ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದೆ, ಸ್ವಾತಂತ್ರ್ಯ ಬರುವವರೆಗೆ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೆ ಸೇರಿತ್ತು. ಬಂಕಾಪುರ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಆಡಳಿತದ ಗೆರೆಗಳಿಗೆ ಅವುಗಳದೇ ಅನುಕೂಲಗಳಿರುತ್ತವೆ. ಆದರೆ ಪ್ರವಾಸದ ನಕ್ಷೆಯನ್ನು ಜಿಲ್ಲೆಯ ಗಡಿಗೆ ತಂದು ನಿಲ್ಲಿಸಿದರೆ ಒಂದೇ ತಾಮ್ರಪಟ ಕೂಡಿಸಿದ್ದನ್ನು ನಕ್ಷೆ ಮೂರು ತುಂಡು ಮಾಡಿದಂತಾಗುತ್ತದೆ. ಶಿಗ್ಗಾಂವಿಯ ತಾಮ್ರಪಟಕ್ಕೆ ಪುಲಿಗೆರೆ ಪರಜಿಲ್ಲೆಯಾಗಿರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಹಜವಾದುದು. ಮೇಡ್ಲೇರಿಯಿಂದ ಬಂದ ಕುಟುಂಬದ ಅಜ್ಜನೋ ಅಜ್ಜಿಯೋ ಬಂಕಾಪುರದ ಕೋಟೆಯಲ್ಲಿ ನಿಂತು “ಇಲ್ಲಿ ನೋಡಾಕ ಏನೈತ್ರಿ?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕೋಟೆಯೊಳಗೆ ನಗರೇಶ್ವರ ದೇಗುಲವಿದೆ. ಅರವತ್ತು ಕಂಬದ ಗುಡಿ ಎಂದು ಜನ ಕರೆಯುವ ಅದರ ಕಂಬಗಳ ನುಣುಪು ಯಾರನ್ನಾದರೂ ನಿಲ್ಲಿಸುತ್ತದೆ. 2006ರಲ್ಲಿ ನವಿಲುಧಾಮವೆಂದು ಘೋಷಿತವಾದ ಆವರಣವಿದೆ. ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಆದರೆ ಉತ್ತರಪುರಾಣದ ಪೂಜೆ ನಡೆದ ಜಾಗ ಇದೇ ಎಂದು ಬೆರಳು ಮಾಡಿ ತೋರಿಸುವಂಥ ಕಟ್ಟಡವಿಲ್ಲ. ಮಾರಸಿಂಹ ಮೂರು ದಿನ ಕಳೆದ ತಾಣವನ್ನು ತೋರಿಸುವ ಕಲ್ಲಿಲ್ಲ. ಕಣ್ಣಿಗೆ ಕಾಣುವುದನ್ನು ತೋರಿಸಲು ಗೈಡ್ ಬೇಕಿಲ್ಲ. ನವಿಲನ್ನು ಮಗುವೇ ಗುರುತಿಸುತ್ತದೆ. ಕಾಣದಿರುವುದನ್ನು ಹೇಳಲು ಬಲ್ಲವರೊಬ್ಬರು ಬೇಕು. ಹಂಪಿ, ಬಾದಾಮಿ, ಬೇಲೂರುಗಳಲ್ಲಿ ಕಲ್ಲೇ ಅರ್ಧ ಮಾತನಾಡುತ್ತದೆ. ಅಲ್ಲಿ ಗೈಡ್‌ಗಳಿಗೂ ಕೊರತೆಯಿಲ್ಲ. ಬಂಕಾಪುರದಂಥ ಕಡೆ ಕಲ್ಲು ಮಾತನಾಡದಿರುವುದರಿಂದಲೇ ಮನುಷ್ಯರು ಮಾತನಾಡಬೇಕಾಗಿದೆ.

ಎರಡನೆಯ ಆಕ್ಷೇಪ ಇನ್ನಷ್ಟು ಗಂಭೀರ. ಲಕ್ಷ್ಮೇಶ್ವರದಲ್ಲಿ ಹೇಳಬೇಕಾದ ಕಥೆ ಸುಲಭದ್ದಲ್ಲ. ಅಲ್ಲಿ ಶಂಖ ಬಸದಿ ಇದೆ, ಸೋಮೇಶ್ವರ ದೇವಾಲಯವಿದೆ, ಆದಿಲಶಾಹಿ ಕಾಲದ ಮಸೀದಿ ಇದೆ. ಸೌರಾಷ್ಟ್ರದಿಂದ ಬಂದ ಆದಯ್ಯನು ಪುಲಿಗೆರೆಯಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಕಥೆಯನ್ನು ಹರಿಹರನ ರಗಳೆಯೂ ರಾಘವಾಂಕನ ‘ಸೋಮನಾಥ ಚಾರಿತ್ರ’ವೂ ಹೇಳುತ್ತವೆ. ಜೈನ–ಶೈವ ಸಂಘರ್ಷದ ನೆನಪು ಅವುಗಳಲ್ಲಿದೆ. ಅರೆತಿಳಿವಳಿಕೆಯ ಗೈಡ್ ಇದನ್ನು ಎರಡು ರೀತಿಯಲ್ಲಿ ಕೆಡಿಸಬಲ್ಲ: ಜಗಳವನ್ನು ಹಿಗ್ಗಿಸಿ ಕೇಳುಗರ ನಡುವೆ ಬಿರುಕು ಮೂಡಿಸಬಹುದು, ಇಲ್ಲವೇ ಏನೂ ನಡೆಯಲೇ ಇಲ್ಲವೆಂಬಂತೆ ಮುಚ್ಚಿ ಮುಂದೆ ಸಾಗಬಹುದು. ಎರಡೂ ಸತ್ಯಕ್ಕೆ ಬಗೆದ ಅಪಚಾರ. ಕಾವ್ಯ ಹೇಳುವುದೇನು, ಶಾಸನ ಹೇಳುವುದೇನು, ಇವೆರಡರ ನಡುವಿನ ಅಂತರವೆಷ್ಟು ಎಂಬುದನ್ನು ವಿಂಗಡಿಸಿ ಹೇಳುವವನೇ ನಂಬಿಕೆಗೆ ಅರ್ಹ. ಒಂದೇ ವಸ್ತುವನ್ನು ಹಲವು ನಯಗಳಿಂದ ನೋಡಬೇಕೆಂದು ಕಲಿಸಿದ ಅನೇಕಾಂತದ ಅಭ್ಯಾಸ ಇಂಥಲ್ಲಿ ಶಾಸ್ತ್ರದ ಮಾತಾಗಿ ಉಳಿಯದೆ ದಿನನಿತ್ಯದ ಉಪಯೋಗಕ್ಕೆ ಬರುತ್ತದೆ.

ಶಾಸನಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಲಕ್ಷ್ಮೇಶ್ವರದ ಶಿಲೆಗಳ ಮೇಲಿರುವ ಬಾದಾಮಿ ಚಾಲುಕ್ಯರ ದಾನಗಳ ಪಾಠಗಳು ಆ ಕಾಲದಲ್ಲೇ ಕೊರೆದವಲ್ಲ. ಹಳೆಯ ದಾನಗಳನ್ನು ಮುಂದಿನ ಶತಮಾನಗಳಲ್ಲಿ ಮತ್ತೆ ಕೊರೆಸಲಾಗಿದೆ. ಜೆ. ಎಫ್. ಫ್ಲೀಟ್ 1878ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಲ್ಲಿಯ ಶಾಸನಗಳನ್ನು ಪ್ರಕಟಿಸಿದ ಮೇಲೆ ವಿದ್ವಾಂಸರು ಅವನ್ನು ಅಳೆದು ತೂಗಿಯೇ ಬಳಸುತ್ತ ಬಂದಿದ್ದಾರೆ. ಬಸದಿಯ ಆಸ್ತಿಯನ್ನು ಉಳಿಸಿಕೊಳ್ಳಲು ಹಳೆಯ ದಾಖಲೆಯನ್ನು ಹೊಸ ಕಲ್ಲಿನ ಮೇಲೆ ಬರೆಸಿಕೊಳ್ಳುವ ಅಗತ್ಯ ಏಕೆ ಬಂದಿರಬಹುದು ಎಂದು ಕೇಳಿದರೆ, ಉತಾರಿಗಾಗಿ ತಾಲ್ಲೂಕು ಕಚೇರಿಗೆ ಅಲೆದು ಬಲ್ಲ ಯಾವ ರೈತನಿಗೂ ಆ ಪ್ರಶ್ನೆ ಅರ್ಥವಾಗುತ್ತದೆ. ಇತಿಹಾಸದ ಸಂದೇಹಗಳನ್ನು ಸಾಮಾನ್ಯ ಪ್ರವಾಸಿಯಿಂದ ಬಚ್ಚಿಡಬೇಕಾಗಿಲ್ಲ.

ಬಾಡಿಗೆ ಕಾರಿನ ಪ್ರವಾಸವೇ ಹಗುರವಾದದ್ದು, ಆತುರದ್ದು ಎಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಕಾಲ್ನಡಿಗೆಯಲ್ಲಿ ವಿಹಾರ ಮಾಡುವ ಮುನಿಗಳ ಪರಂಪರೆಯುಳ್ಳ ಸಮಾಜಕ್ಕೆ ಈ ಟೀಕೆ ಹಿತವಾಗಿಯೂ ಕೇಳಿಸುತ್ತದೆ. ಆದರೆ ಗೇಣಿಯ ಹೊಲ, ಹೈನು, ಅಂಗಡಿಗಳನ್ನು ಬಿಟ್ಟು ಬರುವವರಿಗೆ ಸಿಗುವುದು ಒಂದೇ ದಿನ. ಆ ಒಂದು ದಿನಕ್ಕೆ ಅವರು ಡೀಸೆಲ್ಲಿನ ಹಣವನ್ನು ಚೌಕಾಸಿ ಇಲ್ಲದೆ ಕೊಡುತ್ತಾರೆ. ಅದರ ಜೊತೆಗೆ ಕಥೆ ಹೇಳುವವರ ಸಂಭಾವನೆಯನ್ನೂ ಕೊಡುವ ರೂಢಿ ಬರಬೇಕು. ಬೆಳಗಿನ ಹೊತ್ತು ಬಂಕಾಪುರ, ನಡುವೆ ಗುಡಿಗೇರಿಯಲ್ಲಿ ಅರ್ಧ ಗಂಟೆ, ಮಧ್ಯಾಹ್ನದ ಮೇಲೆ ಪುಲಿಗೆರೆಯ ಬಸದಿ ಮತ್ತು ಸೋಮೇಶ್ವರ. ಇಷ್ಟು ಒಂದು ದಿನಕ್ಕೆ ಭಾರವೂ ಅಲ್ಲ, ಕಡಿಮೆಯೂ ಅಲ್ಲ.

ಆಗಬೇಕಾದದ್ದು ದೊಡ್ಡ ಯೋಜನೆಯಲ್ಲ. ಮೂರು ಜಿಲ್ಲೆಗಳ ಪ್ರವಾಸೋದ್ಯಮ ಇಲಾಖೆಗಳು ಸೇರಿ ಈ ದಾರಿಗೆ ಒಂದೇ ನಕ್ಷೆ ಮಾಡಲಿ. ಬಂಕಾಪುರ, ಶಿಗ್ಗಾಂವಿ, ಲಕ್ಷ್ಮೇಶ್ವರಗಳಲ್ಲಿ ಇತಿಹಾಸ ಓದಿ ಕೆಲಸ ಹುಡುಕುತ್ತಿರುವ ತರುಣ ತರುಣಿಯರಿಗೆ ಹಳಗನ್ನಡ ಲಿಪಿಯ ಪರಿಚಯವನ್ನೂ ಈ ಐದಾರು ಶಾಸನಗಳ ಪಾಠವನ್ನೂ ಕಲಿಸಿ, ಪರೀಕ್ಷೆ ಮಾಡಿ, ಗುರುತಿನ ಚೀಟಿ ಕೊಡಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ, ಕಲಿಸಬಲ್ಲವರಿಗೆ ಕೊರತೆಯಿಲ್ಲ. ಜೈನ ಸಮಾಜದ ಸಂಸ್ಥೆಗಳು ಹೊಸ ಕಟ್ಟಡಗಳಿಗೆ ಕೊಡುವ ದಾನದಲ್ಲಿ ಒಂದು ಪಾಲನ್ನು ಈ ಕಲಿಕೆಗೆ ಮೀಸಲಿಟ್ಟರೆ ಅದು ಶಾಸ್ತ್ರದಾನವೇ ಆಗುತ್ತದೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಬ್ರಹ್ಮ ಜಿನಾಲಯ ಇರುವ ಲಕ್ಕುಂಡಿ, ಲಕ್ಷ್ಮೇಶ್ವರ ಇರುವ ಗದಗ ಜಿಲ್ಲೆಯಲ್ಲೇ ಇದೆ. ಗ್ರಂಥವನ್ನು ಜನರ ಕೈಗೆ ಮುಟ್ಟಿಸುವುದೂ ಜಿನಾಲಯ ಕಟ್ಟಿಸಿದಷ್ಟೇ ದೊಡ್ಡ ಕೆಲಸವೆಂದು ಆಕೆಗೆ ಗೊತ್ತಿತ್ತು.

ಅಲ್ಲಿಯವರೆಗೆ ಮೇಡ್ಲೇರಿಯ ಕಾರು ಬಂಕಾಪುರದ ಕೋಟೆಬಾಗಿಲಲ್ಲಿ ನಿಲ್ಲುತ್ತದೆ, ಮಕ್ಕಳು ನವಿಲುಗಳನ್ನು ಎಣಿಸುತ್ತಾರೆ, ಅಜ್ಜ ನೆರಳಿನಲ್ಲಿ ಕೂರುತ್ತಾನೆ. ತಾನು ಕುಳಿತ ಊರಿನಲ್ಲಿ ಒಬ್ಬ ಅರಸ ಎಲ್ಲವನ್ನೂ ಬಿಟ್ಟು ಶಾಂತವಾಗಿ ಕಣ್ಣು ಮುಚ್ಚಿದನೆಂದು ಆತನಿಗೆ ಯಾರಾದರೂ ಹೇಳಬೇಕು. ಹೇಳಿದರೆ, ಸಂಜೆಗೆ ಪುಲಿಗೆರೆಯ ಬಸದಿಯ ಮುಂದೆ ನಿಂತಾಗ ಆ ಅರಸನ ಹೆಸರನ್ನು ಮತ್ತೆ ಕೇಳಿ ಆತ ಗುರುತು ಹಿಡಿಯುತ್ತಾನೆ. ಊರಿಗೆ ಮರಳಿದ ಮೇಲೆ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರಿಗೆ ಹೇಳುತ್ತಾನೆ.