ಯಂತ್ರ ನಿಂತಾಗ ಕಾರಣ ಹುಡುಕುವ ವಿದ್ಯೆ

ನಾರ್ವ, ಮಕ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆಯ ದುಡಿಮೆಗಾರರಿಗೆ ವಿದ್ಯುತ್ ಸ್ಥಾವರವೆಂಬುದು ಹೊಸದಲ್ಲ. ದೇಶದ ನಾನಾ ಅಣೆಕಟ್ಟುಗಳಿಗೆ ಮಣ್ಣು ಹೊತ್ತವರು ಪಾಲಮೂರಿನ ಕೂಲಿಗಳು. ಗದ್ವಾಲದ ಬಳಿ ಜೂರಾಲದಲ್ಲಿ ತಲಾ 39 ಮೆಗಾವಾಟಿನ ಆರು ಜಲವಿದ್ಯುತ್ ಘಟಕಗಳಿವೆ. ಕೃಷ್ಣೆ ದಾಟಿದರೆ ಶಕ್ತಿನಗರ. 1985ರಲ್ಲಿ ಮೊದಲ ಘಟಕ ಕಂಡ ಆ ಕಲ್ಲಿದ್ದಲು ಸ್ಥಾವರ 1720 ಮೆಗಾವಾಟಿನವರೆಗೆ ಬೆಳೆಯಿತು. ಕಟ್ಟುವುದಕ್ಕೆ, ಹೊರುವುದಕ್ಕೆ, ತೊಳೆಯುವುದಕ್ಕೆ ನಮ್ಮವರು ಬೇಕು. ಕಂಟ್ರೋಲ್ ರೂಮಿನ ಬಾಗಿಲು ಮಾತ್ರ ನಮ್ಮವರಿಗೆ ಸುಲಭವಾಗಿ ತೆರೆಯುವುದಿಲ್ಲ. ಈ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳಬೇಕಾಗಿದೆ.

ಐ.ಟಿ.ಐ. ಮುಗಿಸಿದ ಹುಡುಗರು ಕೆಲಸ ಹುಡುಕಿಕೊಂಡು ಹೈದರಾಬಾದಿಗೂ ಬೆಂಗಳೂರಿಗೂ ಹೋಗುತ್ತಾರೆ. ಎರಡು ಕಡೆಯೂ ಅನಿಲ ಟರ್ಬೈನಿನ ಕೆಲಸವಿದೆ. ಹೈದರಾಬಾದಿನ ರಾಮಚಂದ್ರಪುರದ ಬಿ.ಎಚ್.ಇ.ಎಲ್. ಕಾರ್ಖಾನೆ ಅನಿಲ ಟರ್ಬೈನುಗಳನ್ನು ತಯಾರಿಸುತ್ತದೆ. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟಿನ ಅನಿಲ ಸ್ಥಾವರ 2024ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಅನಿಲ ಉರಿದು ಒಂದು ಟರ್ಬೈನನ್ನು ತಿರುಗಿಸುತ್ತದೆ. ಹೊರಬರುವ ಬಿಸಿ ಹೊಗೆಯಿಂದ ಉಗಿ ಎಬ್ಬಿಸಿ ಇನ್ನೊಂದನ್ನು ತಿರುಗಿಸುತ್ತಾರೆ.

ಇಂಥ ಯಂತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಅದನ್ನು ಮನುಷ್ಯನ ಕೈ ಹಿಡಿದು ನಡೆಸಲಾರದು. ವೇಗ, ಉಷ್ಣ, ಕಂಪನ, ಎಣ್ಣೆಯ ಒತ್ತಡ, ಜ್ವಾಲೆ ಎಲ್ಲವನ್ನೂ ಕಂಪ್ಯೂಟರು ಕ್ಷಣಕ್ಷಣವೂ ನೋಡುತ್ತಿರುತ್ತದೆ. ದೊಡ್ಡ ಯಂತ್ರಗಳಲ್ಲಿ ಅನೇಕ ಕಡೆ ಮೂರು ಕಂಪ್ಯೂಟರುಗಳನ್ನು ಇಟ್ಟು, ಎರಡು ಒಪ್ಪಿದ್ದನ್ನೇ ತೀರ್ಮಾನವೆಂದು ಇಟ್ಟುಕೊಳ್ಳುತ್ತಾರೆ. ಅಪಾಯ ಕಂಡರೆ ಅದೇ ಅನಿಲವನ್ನು ಮುಚ್ಚಿ ಯಂತ್ರವನ್ನು ನಿಲ್ಲಿಸುತ್ತದೆ. ಏಕೆ ನಿಂತಿತು ಎಂದು ಹುಡುಕುವುದು ಮಾತ್ರ ಮನುಷ್ಯನ ಕೆಲಸ. ಯಂತ್ರ ನಿಂತ ಕೂಡಲೇ ಹತ್ತಾರು ಅಲಾರಂಗಳು ಒಟ್ಟಿಗೆ ಬರುತ್ತವೆ. ಮೊದಲು ಬಂದದ್ದು ಯಾವುದು, ಅದರ ಹಿಂದೆ ಹುಟ್ಟಿಕೊಂಡವು ಯಾವುವು ಎಂದು ಬೇರ್ಪಡಿಸಲು ಅಭ್ಯಾಸ ಬೇಕು.

ಒಂದು ಉದಾಹರಣೆ ಕೊಡುತ್ತೇವೆ. ಬಿಸಿ ಹೊಗೆ ಹೊರಬರುವ ದಾರಿಯ ಸುತ್ತಲೂ ಉಷ್ಣ ಅಳೆಯುವ ಥರ್ಮೋಕಪಲ್‌ಗಳಿರುತ್ತವೆ. ಒಂದು ಕಡೆ ಉಷ್ಣ ಕಡಿಮೆ ತೋರಿತು ಎನ್ನೋಣ. ಥರ್ಮೋಕಪಲ್ಲೇ ಕೆಟ್ಟಿರಬಹುದು, ತಂತಿ ಸಡಿಲಾಗಿರಬಹುದು. ಇಲ್ಲವೆ ಒಂದು ದಹನ ಕೋಣೆಯ ಅನಿಲದ ನಳಿಗೆ ಕಟ್ಟಿಕೊಂಡಿರಬಹುದು. ಮೊದಲನೆಯದು ಸಣ್ಣ ರಿಪೇರಿ, ಕೊನೆಯದನ್ನು ಬಿಟ್ಟರೆ ಟರ್ಬೈನಿಗೇ ಹಾನಿ. ಕಲಿತವನು ಲೋಡು ಬದಲಾದಾಗ ನೋಡುತ್ತಾನೆ. ಹೊಗೆ ಸುತ್ತುತ್ತಾ ಹೊರಬರುವುದರಿಂದ, ದಹನ ಕೋಣೆಯ ದೋಷವಾಗಿದ್ದರೆ ತಣ್ಣನೆಯ ಜಾಗ ಲೋಡಿನೊಂದಿಗೆ ಪಕ್ಕಕ್ಕೆ ಸರಿಯುತ್ತದೆ. ಕದಲದೆ ಒಂದೇ ಥರ್ಮೋಕಪಲ್ಲಿನ ಮೇಲೆ ನಿಂತರೆ ಅದನ್ನೇ ಮೊದಲು ಶಂಕಿಸಬೇಕು. ಇದು ಎಸ್.ಎಸ್.ಎಲ್.ಸಿ. ಮತ್ತು ಐ.ಟಿ.ಐ. ಓದಿದ ಹುಡುಗನಿಗೆ ನಿಲುಕದ ವಿದ್ಯೆಯೆ? ಖಂಡಿತ ಅಲ್ಲ. ಹೇಳಿಕೊಡುವವರು ಬೇಕು.

ಕಲಿಯದವನ ಮೇಲೆ ಮೇಲಿನವರ ಒತ್ತಡ ಬಿದ್ದರೆ ಅವನು ಸುಲಭದ ದಾರಿ ಹಿಡಿಯುತ್ತಾನೆ: ಸಿಗ್ನಲ್ಲಿಗೆ ಅಡ್ಡ ತಂತಿ ಹಾಕಿ ಯಂತ್ರ ಓಡಿಸುವುದು. ಜ್ವಾಲೆಯನ್ನು ಕಾಣುವ ಸಾಧನಕ್ಕೆ ಹೀಗೆ ಕಣ್ಣು ಕಟ್ಟಿದರೆ, ಬೆಂಕಿ ಆರಿದ್ದರೂ ಅನಿಲ ಹರಿಯುತ್ತಲೇ ಇರಬಹುದು. ಉರಿಯದ ಅನಿಲ ಹೊಗೆಯ ದಾರಿಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿರುವವನು ಮಂತ್ರಿಯಲ್ಲ, ಮ್ಯಾನೇಜರನೂ ಅಲ್ಲ.

2020ರ ಆಗಸ್ಟ್ 20ರ ರಾತ್ರಿ ಶ್ರೀಶೈಲದ ಎಡದಂಡೆಯ ಭೂಗರ್ಭ ವಿದ್ಯುದಾಗಾರದಲ್ಲಿ ಬೆಂಕಿ ಬಿದ್ದು 9 ಮಂದಿ ಸತ್ತರು. ಅವರಲ್ಲಿ ಬ್ಯಾಟರಿ ಕೆಲಸಕ್ಕೆ ಬಂದಿದ್ದ ಖಾಸಗಿ ಕಂಪನಿಯವರೂ ಇದ್ದರು. ಆರು ವಾರ ಕಳೆದು, ಅಕ್ಟೋಬರ್ 2ರ ನಸುಕಿನಲ್ಲಿ, ಪರೀಕ್ಷಾರ್ಥವಾಗಿ ನಡೆಸುತ್ತಿದ್ದ ಯಲಹಂಕ ಸ್ಥಾವರದಲ್ಲಿ ಬೆಂಕಿ ಎದ್ದು 15 ಮಂದಿ ಗಾಯಗೊಂಡರು. ಕೆಲಸಗಾರರ ಅಜ್ಞಾನವೇ ಇವಕ್ಕೆ ಕಾರಣವೆಂದು ನಾವು ಹೇಳುತ್ತಿಲ್ಲ; ಹಾಗೆ ಹೇಳುವುದು ಸತ್ತವರಿಗೂ ನೊಂದವರಿಗೂ ಅನ್ಯಾಯ. ಬೆಂಕಿ ಹತ್ತಿದಾಗ ಕಾಯಂ ನೌಕರ, ಗುತ್ತಿಗೆ ನೌಕರ ಎಂಬ ಭೇದ ಉಳಿಯುವುದಿಲ್ಲ ಎಂಬುದಷ್ಟೇ ನಮ್ಮ ಮಾತು. ಅಪಾಯ ಇಬ್ಬರಿಗೂ ಸಮಾನವಾದ ಮೇಲೆ ಕಲಿಕೆಯೂ ಸಮಾನವಾಗಿರಬೇಕು.

"ಯಂತ್ರ ಮಾರಿದ ಕಂಪನಿಯ ಪರಿಣತರು ಬರುತ್ತಾರೆ, ನಿಮ್ಮವರಿಗೇಕೆ ಇದು?" ಎಂದು ಕೇಳುವವರಿದ್ದಾರೆ. ಪರಿಣತರು ಬರಲಿ, ಅವರ ವಿದ್ಯೆ ದೊಡ್ಡದು. ಆದರೆ ರಾತ್ರಿ ಪಾಳಿಯಲ್ಲಿ ಅಲಾರಂ ಕೂಗಿದಾಗ ಅಲ್ಲಿರುವವನು ನಮ್ಮ ಹುಡುಗ. ಮೊದಲ ಹತ್ತು ನಿಮಿಷ ಅವನು ಏನು ಮಾಡುತ್ತಾನೆ, ಏನು ಮಾಡದೆ ಬಿಡುತ್ತಾನೆ ಎಂಬುದರ ಮೇಲೆ ಯಂತ್ರವೂ ಜೀವವೂ ನಿಂತಿವೆ. ಸ್ಥಾವರ ನಡೆಸುವವರಿಗೆ ತರಬೇತಿ ಇರಲೇಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೇ ಹೇಳಿದವು. 2023ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ. ಆದುದರಿಂದ ನಾವು ಕೇಳುತ್ತಿರುವುದು ಭಿಕ್ಷೆಯಲ್ಲ.

ನಮ್ಮ ಬೇಡಿಕೆ ನಾಲ್ಕು. ಒಂದನೆಯದು, ಗುತ್ತಿಗೆಯ ಟೆಕ್ನಿಷಿಯನ್‌ಗೂ ತರಬೇತಿ ಸಿಗಬೇಕು. ಅದು ಕೆಲಸದ ವೇಳೆಯಲ್ಲೇ, ಸಂಬಳ ಕಡಿತವಿಲ್ಲದೆ ನಡೆಯಬೇಕು. ಎರಡನೆಯದು, ಪಾಠ ಕಾಗದದ ಮೇಲೆ ಮುಗಿಯಬಾರದು. ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆ ಸಿಮ್ಯುಲೇಟರ್ ಮೇಲೆ ತರಬೇತಿ ಕೊಡುತ್ತದೆ. ಅಲ್ಲಿ ಗುರು ಬೇಕೆಂದೇ ದೋಷ ಹುಟ್ಟಿಸಬಹುದು, ಶಿಷ್ಯ ಯಾರ ಜೀವಕ್ಕೂ ಅಪಾಯವಿಲ್ಲದೆ ತಪ್ಪಿ ಕಲಿಯಬಹುದು. ಅಂಥ ಅವಕಾಶ ಕೆಳಗಿನವನಿಗೂ ಬೇಕು. ಮೂರನೆಯದು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಹುಡುಗನ ಮುಂದೆ ಬರೀ ಇಂಗ್ಲಿಷ್ ಪುಸ್ತಕ ಇಟ್ಟರೆ ಸಾಲದು. ಸರ್ವೋ, ಸೆನ್ಸರ್, ಟ್ರಿಪ್ ಎಂಬ ಹೆಸರುಗಳು ಹಾಗೇ ಇರಲಿ. ವಿವರಣೆ ಅವನ ಭಾಷೆಯಲ್ಲಿರಲಿ. ನಾಲ್ಕನೆಯದು, ಯಾವ ರಕ್ಷಣೆಯನ್ನು ಅಡ್ಡಗಟ್ಟುವುದಿದ್ದರೂ ಬರಹದಲ್ಲಿ ಅಪ್ಪಣೆ ಬೇಕು. ಯಾರು ಹಾಕಿಸಿದರು, ಯಾವಾಗ ತೆಗೆದರು ಎಂಬುದು ದಾಖಲಾಗಬೇಕು. ಬಾಯಿಮಾತಿನ ಅಪ್ಪಣೆಗೆ ಒಲ್ಲೆ ಎಂದವನ ಕೆಲಸ ಹೋಗಕೂಡದು.

ಸಂಘದ ಸಹೋದರರಲ್ಲಿ ಒಂದು ವಿನಂತಿ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಬೋನಸ್ಸು, ಓವರ್‌ಟೈಮುಗಳ ಜೊತೆಗೆ ತರಬೇತಿಯನ್ನೂ ಬರೆಯಿರಿ. ತಂದೆತಾಯಿಗಳೇ, ಮಗ ಊರು ಬಿಡುವ ಮುಂಚೆ ದಿನಗೂಲಿ ಎಷ್ಟು ಎಂದು ಕೇಳುತ್ತೀರಿ. ಕಲಿಸುತ್ತಾರೆಯೆ ಎಂದೂ ಕೇಳಿರಿ.