ಪರದೇಶದಲ್ಲಿ ಪಾದಕ್ಕೊಪ್ಪುವ ಪಾದರಕ್ಷೆ

ಅಮಾವಾಸ್ಯೆಯ ದಿನ ಶ್ರೀಮಠದ ದಾಸೋಹ ಭವನದ ಹೊರಗೆ ಬಿಟ್ಟಿರುವ ಪಾದರಕ್ಷೆಗಳನ್ನು ನೋಡುತ್ತ ನಿಲ್ಲುವುದು ನನ್ನ ಹಳೆಯ ಅಭ್ಯಾಸ. ವೈದ್ಯನಾದವನಿಗೆ ಅದೊಂದು ತೆರೆದಿಟ್ಟ ರೋಗಪತ್ರ. ಯಾರ ಹಿಮ್ಮಡಿ ಹೊರಮಗ್ಗುಲಿಗೆ ಸವೆದಿದೆ, ಯಾರ ಕಿರುಬೆರಳು ಚಪ್ಪಲಿಯ ಅಂಚು ದಾಟಿ ನೆಲಕ್ಕೆ ಇಳಿಯುತ್ತದೆ, ಯಾರು ಒಂದು ಕಾಲನ್ನು ಎಳೆದು ನಡೆಯುತ್ತಾರೆ ಎಂಬುದೆಲ್ಲ ಅಲ್ಲಿ ಅಚ್ಚಾಗಿರುತ್ತದೆ. ಈಚಿನ ವರ್ಷಗಳಲ್ಲಿ ಆ ಸಾಲಿನೊಳಗೆ ದಪ್ಪ ಅಟ್ಟೆಯ, ಚೂಪು ಮೂತಿಯ ಹೊರದೇಶದ ಷೂಗಳು ಹೆಚ್ಚಾಗಿವೆ. ಮಕ್ಕಳು ಕಳಿಸಿಕೊಟ್ಟವು, ಇಲ್ಲವೆ ಮಕ್ಕಳ ಮನೆಗೆ ಹೋದಾಗ ಕೊಂಡು ತಂದವು. ಬೆಲೆಯೇನೋ ದೊಡ್ಡದು. ಆದರೆ ಅವುಗಳಲ್ಲಿ ಎಷ್ಟೋ ಜೋಡುಗಳು ಕಿರುಬೆರಳಿನ ಬಳಿ ಉಬ್ಬಿ, ಹೊಲಿಗೆ ಬಿರಿದಿರುತ್ತವೆ. ಪಾದದ ಆಕಾರ ಒಂದು, ಷೂವಿನ ಆಕಾರ ಇನ್ನೊಂದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸದ್ಭಕ್ತರಲ್ಲಿ ಇಂದು ಮಕ್ಕಳು ಪರದೇಶದಲ್ಲಿ ನೆಲೆಸಿರುವ ಕುಟುಂಬಗಳು ಅನೇಕ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರು ತಿಂಗಳಿಗೆಂದು ಹೊರಡುವ ಹಿರಿಯರು ಪ್ರಯಾಣಕ್ಕೆ ಮುನ್ನ ನನ್ನಲ್ಲಿಗೆ ಬಂದು, ಯಾವ ಚೂರ್ಣ ಒಯ್ಯಬೇಕು, ಯಾವ ತೈಲ ಒಯ್ಯಬೇಕು ಎಂದು ವಿಚಾರಿಸುತ್ತಾರೆ. ಕಾಲಿಗೆ ಏನು ಹಾಕಿಕೊಳ್ಳಬೇಕೆಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನಾನೂ ಆ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಳ್ಳದೆ ಹೋದವನು. ಅದರ ಬೆಲೆಯನ್ನು ತೆತ್ತವರು ನನ್ನ ಧರ್ಮಪತ್ನಿ. ಎರಡು ವರ್ಷ ಹಿಂಜರಿದು ಈಗ ಬರೆಯುತ್ತಿದ್ದೇನೆ.

ನಾವಿಬ್ಬರೂ ಅಮೆರಿಕೆಯ ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋದದ್ದು ಅಕ್ಟೋಬರ್ ಮೊದಲ ವಾರದಲ್ಲಿ. ನಮ್ಮದು ಅರವತ್ತು ವರ್ಷ ಚಪ್ಪಲಿಯಲ್ಲಿ, ಮನೆಯೊಳಗಾದರೆ ಬರಿಗಾಲಿನಲ್ಲಿ ನಡೆದ ಪಾದ. ಬೆರಳುಗಳು ತಮಗೆ ಬೇಕಾದಷ್ಟು ಹರಡಿಕೊಂಡಿವೆ. ಅಲ್ಲಿನ ಚಳಿಯಲ್ಲಿ ಆ ಪಾದವನ್ನು ಒಮ್ಮೆಲೇ ಮುಚ್ಚಿದ ಷೂವಿನೊಳಗೆ ತುರುಕಬೇಕಾಗುತ್ತದೆ. ಇಲ್ಲಿಂದ ಕೊಂಡೊಯ್ದ ಷೂ ಎರಡೇ ದಿನಕ್ಕೆ ಕಚ್ಚತೊಡಗಿತು. ಮಗಳು ಅಂಗಡಿಗೆ ಕರೆದೊಯ್ದಳು.

ಅಲ್ಲಿ ಒಬ್ಬ ತರುಣ ನನ್ನನ್ನು ನಿಲ್ಲಿಸಿ, ಜಾರುಪಟ್ಟಿಗಳುಳ್ಳ ಒಂದು ಲೋಹದ ತಟ್ಟೆಯ ಮೇಲೆ ಪಾದವಿರಿಸಿ ಅಳೆದ. ಸುಮಾರು ನೂರು ವರ್ಷಗಳ ಹಿಂದೆ ಚಾರ್ಲ್ಸ್ ಬ್ರಾನಾಕ್ ಎಂಬವರು ನಿರ್ಮಿಸಿದ ಸಾಧನವದು. ಉದ್ದ, ಅಗಲ ಮಾತ್ರವಲ್ಲದೆ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗಿನ ದೂರವನ್ನೂ ಅದು ತೋರಿಸುತ್ತದೆ. ನನ್ನ ಜೀವಮಾನದಲ್ಲಿ ನನ್ನ ಪಾದವನ್ನು ಅಳೆದವರು ಇಬ್ಬರೇ. ಬಾಲ್ಯದಲ್ಲಿ ನಮ್ಮೂರಿನ ಸಮಗಾರ ಕಾಯಕದ ಹಿರಿಯರೊಬ್ಬರು ತೊಗಲಿನ ಮೇಲೆ ನನ್ನ ಕಾಲಿರಿಸಿ ಸುತ್ತ ಗೆರೆ ಎಳೆಯುತ್ತಿದ್ದರು. ಅವರಾದ ಮೇಲೆ ಈ ತರುಣ. ನಡುವಿನ ಐದು ದಶಕಗಳಲ್ಲಿ ನಾನು ಕೇವಲ ಒಂದು ಸಂಖ್ಯೆಯನ್ನು ಹೇಳಿ ಪಾದರಕ್ಷೆ ಕೊಂಡಿದ್ದೆ.

ಆ ಸಂಖ್ಯೆಯೇ ಗೊಂದಲದ ಮೂಲ. ನಾವು ಇಲ್ಲಿ ರೂಢಿಸಿಕೊಂಡಿರುವುದು ಬ್ರಿಟಿಷ್ ಅಳತೆ. ನನ್ನ 8 ಅಲ್ಲಿ ಪುರುಷರ 9 ಆಗುತ್ತದೆ, ಯುರೋಪಿನಲ್ಲಿ ಸುಮಾರು 42. ಮಹಿಳೆಯರದಾದರೆ ಇಲ್ಲಿನ 5 ಅಲ್ಲಿ ಸುಮಾರು 7. ಬ್ರಿಟಿಷ್ ಮತ್ತು ಅಮೆರಿಕನ್ ಕ್ರಮದಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಅಂಗುಲದ ಮೂರರಲ್ಲೊಂದು ಭಾಗದಷ್ಟು ಅಂತರ. ಯುರೋಪಿನ ಕ್ರಮದಲ್ಲಿ ಅದು ಸೆಂಟಿಮೀಟರಿನ ಮೂರರಲ್ಲಿ ಎರಡು ಭಾಗ. ಇದೆಲ್ಲ ಉದ್ದದ ಮಾತಾಯಿತು. ಅಗಲಕ್ಕೆ ಅಮೆರಿಕದಲ್ಲಿ ಬೇರೆಯೇ ಅಕ್ಷರಗಳಿವೆ. ಪುರುಷರಿಗೆ 'ಡಿ' ಸಾಮಾನ್ಯ ಅಗಲ, '2ಇ' ಅಗಲ, '4ಇ' ಇನ್ನೂ ಅಗಲ. ಮಹಿಳೆಯರಿಗೆ 'ಬಿ' ಸಾಮಾನ್ಯ. ಅವರ 'ಡಿ' ಎಂದರೆ ಅಗಲವಾದದ್ದು. ಅಂಗಡಿಗಳ ಕಪಾಟಿನಲ್ಲಿ ಇರುವುದು ಬಹುಪಾಲು ಸಾಮಾನ್ಯ ಅಗಲದವೇ. ನನ್ನ ಪಾದ 262 ಮಿಲಿಮೀಟರ್ ಉದ್ದ, ಅಗಲ '2ಇ' ಎಂದು ತಟ್ಟೆ ತೋರಿಸಿತು. ತರುಣ ತಂದುಕೊಟ್ಟದ್ದು 'ಡಿ'. "ನಾಲ್ಕು ದಿನ ಹಾಕಿದರೆ ಸಡಿಲವಾಗುತ್ತದೆ" ಎಂದ. ಹುಬ್ಬಳ್ಳಿಯ ಅಂಗಡಿಯವರೂ ಇದೇ ಮಾತನ್ನು ಹೇಳುತ್ತಾರೆ. ಷೂ ಸಡಿಲವಾಗುವ ಮುನ್ನ ಹೆಬ್ಬೆರಳು ಒಳಕ್ಕೆ ಬಾಗುತ್ತದೆ, ಕಿರುಬೆರಳ ಮೇಲೆ ಆಣಿ ಏಳುತ್ತದೆ ಎಂಬುದನ್ನು ಇಬ್ಬರೂ ಹೇಳುವುದಿಲ್ಲ.

ಅಗಲದ ಈ ಮಾತು ನನ್ನೊಬ್ಬನ ಪಾದಕ್ಕೆ ಸೀಮಿತವಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021–22ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರ ಪಾದಕ್ಕಿಂತ ಅಗಲವಾದದ್ದೆಂದು ಕಂಡುಕೊಂಡರು. ಅದರ ಆಧಾರದ ಮೇಲೆ 'ಭಾ' ಎಂಬ ನಮ್ಮದೇ ಅಳತೆಯೊಂದನ್ನೂ ಸೂಚಿಸಿದ್ದಾರೆ. ಇನ್ನೂ ಹಿಂದೆ, 1992ರಲ್ಲಿ, ನಮ್ಮ ಮಣಿಪಾಲದ ಮೂಳೆ ವೈದ್ಯರಿಬ್ಬರು 2300 ಮಕ್ಕಳ ಪಾದಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನ ಲೋಕಪ್ರಸಿದ್ಧ. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡ 8.6, ಬರಿಗಾಲಿನ ಮಕ್ಕಳಲ್ಲಿ ಶೇಕಡ 2.8. ಅದರಲ್ಲೂ ಮುಂಭಾಗ ಮುಚ್ಚಿದ ಷೂ ಧರಿಸುವವರಲ್ಲಿ ಹೆಚ್ಚು. ಬರಿಗಾಲಿನ ಷೂಗಳ ಪರವಾಗಿ ಪಾಶ್ಚಾತ್ಯರು ಬರೆಯುವಾಗ ಮಣಿಪಾಲದ ಈ ಅಂಕಿಗಳನ್ನು ಎತ್ತಿ ಹೇಳುತ್ತಾರೆ. ನಮ್ಮಲ್ಲಿ ಅದನ್ನು ಬಲ್ಲವರು ವಿರಳ.

ಬರಿಗಾಲಿನ ಷೂ ಎಂದರೇನು ಎಂದು ಕೆಲವರಿಗೆ ಸಂಶಯ ಬರಬಹುದು. ಅಲ್ಲಿನವರು ಇದನ್ನು ಮಿನಿಮಲಿಸ್ಟ್ ಷೂ ಎಂದು ಕರೆಯುತ್ತಾರೆ. ಬೆರಳುಗಳು ಹರಡಿಕೊಳ್ಳುವಷ್ಟು ಮುಂಭಾಗ ಅಗಲವಿರಬೇಕು. ಹಿಮ್ಮಡಿಯೂ ಬೆರಳೂ ಒಂದೇ ಮಟ್ಟದಲ್ಲಿರಬೇಕು. ಅಟ್ಟೆ ತೆಳ್ಳಗಿದ್ದು, ಕೈಯಲ್ಲಿ ಸುತ್ತಿದರೆ ಸುರುಳಿಯಾಗುವಂತಿರಬೇಕು. ಓಡುವ ಆಟದ ಷೂಗಳಲ್ಲಿ ಹಿಮ್ಮಡಿ ಹತ್ತು ಮಿಲಿಮೀಟರಿನಷ್ಟು ಎತ್ತರವಿರುವುದು ಸಾಮಾನ್ಯ. ಇವುಗಳಲ್ಲಿ ಆ ಎತ್ತರವಿಲ್ಲ. ಇವನ್ನು ನನಗೆ ಪರಿಚಯಿಸಿದವರು ಅಳಿಯಂದಿರು. ಚರಕ ಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಪಾದತ್ರಧಾರಣವನ್ನು ದಿನಚರ್ಯೆಯ ಭಾಗವಾಗಿ ಹೇಳಿದೆ: ಕಣ್ಣಿಗೆ ಹಿತ, ಸ್ಪರ್ಶಕ್ಕೆ ಹಿತ, ಪಾದದ ತೊಂದರೆಗಳಿಗೆ ತಡೆ, ನಡಿಗೆಗೆ ಸುಖ. ಸ್ಪರ್ಶಕ್ಕೆ ಹಿತವೆಂಬ ಆ ಮಾತನ್ನು ನಾನು ಅಂದು, ನೆಲದ ಸ್ಪರ್ಶ ಪಾದಕ್ಕೆ ತಿಳಿಯುವಂತಿರಬೇಕೆಂದು ಅರ್ಥೈಸಿಕೊಂಡೆ. ಶಾಸ್ತ್ರವನ್ನು ನಮ್ಮ ಇಷ್ಟಕ್ಕೆ ಬಗ್ಗಿಸಿಕೊಳ್ಳುವುದು ಎಷ್ಟು ಸುಲಭ!

ಈ ಷೂಗಳು ಅಂಗಡಿಗಳಲ್ಲಿ ಸಿಗುವುದು ಕಡಿಮೆ. ಆನ್‌ಲೈನ್‌ನಲ್ಲಿ ತರಿಸಬೇಕು, ಒಪ್ಪದಿದ್ದರೆ ಹಿಂದಿರುಗಿಸಬೇಕು. ನಾನು ಮೂರು ಜೋಡುಗಳನ್ನು ಹಿಂದಿರುಗಿಸಿ ನಾಲ್ಕನೆಯದನ್ನು ಉಳಿಸಿಕೊಂಡೆ. ಖಾಲಿ ಪೆಟ್ಟಿಗೆಗಳಿಂದ ಮೊಮ್ಮಗ ರೈಲು ಮಾಡಿದ. ಈ ಅಲೆದಾಟದಲ್ಲಿ ಕಲಿತದ್ದನ್ನು ಹೇಳುತ್ತೇನೆ. ಸಂಜೆಯ ಹೊತ್ತು, ಪಾದ ತುಸು ಉಬ್ಬಿರುವಾಗ, ಹಾಕಿಕೊಳ್ಳಲಿರುವ ಕಾಲಚೀಲವನ್ನೇ ಧರಿಸಿ, ಬಿಳಿ ಹಾಳೆಯ ಮೇಲೆ ನಿಂತು ಎರಡೂ ಪಾದಗಳ ಸುತ್ತ ಇನ್ನೊಬ್ಬರಿಂದ ಗೆರೆ ಎಳೆಸಬೇಕು. ಪೆನ್ಸಿಲು ನೇರವಾಗಿರಬೇಕು. ಬಾಗಿ ತಾವೇ ಎಳೆದುಕೊಂಡರೆ ಭಾರ ವಾಲಿ ಅಳತೆ ತಪ್ಪುತ್ತದೆ. ದೊಡ್ಡ ಪಾದದ ಉದ್ದವನ್ನು ಮಿಲಿಮೀಟರಿನಲ್ಲಿ ಬರೆದುಕೊಂಡು, ಮುಂದೆ ಹತ್ತು ಹನ್ನೆರಡು ಮಿಲಿಮೀಟರ್ ಅವಕಾಶವಿರುವ ಷೂವನ್ನು ಆರಿಸಬೇಕು. ಷೂ ಬಂದ ಮೇಲೆ ಒಳಗಿನ ಮೆತ್ತನೆಯ ಹಾಸನ್ನು ಹೊರತೆಗೆದು ಅದರ ಮೇಲೆ ನಿಲ್ಲಿ. ಬೆರಳು ಅದರ ಅಂಚನ್ನು ದಾಟಿದರೆ ಆ ಷೂ ನಿಮ್ಮದಲ್ಲ. ಎಷ್ಟೇ ರಿಯಾಯಿತಿ ಇರಲಿ, ಹಿಂದಿರುಗಿಸಿ. ಅಗಲ ಪಾದದ ಮಹಿಳೆಯರು ಪುರುಷರ ವಿಭಾಗದಲ್ಲಿ ಹುಡುಕಲು ಸಂಕೋಚಪಡಬೇಕಿಲ್ಲ. ಹಿಮ ಬೀಳುವ ಊರಾದರೆ ಉಣ್ಣೆಯ ದಪ್ಪ ಕಾಲಚೀಲಕ್ಕೂ ಜಾಗ ಬೇಕು. ಬಿಗಿಯಾದ ಷೂವಿನಲ್ಲಿ ಎಷ್ಟು ಉಣ್ಣೆ ತುರುಕಿದರೂ ರಕ್ತಸಂಚಾರ ಕುಗ್ಗಿ ಪಾದ ತಣ್ಣಗೇ ಇರುತ್ತದೆ.

ನನಗಂತೂ ನಾಲ್ಕನೆಯ ಜೋಡು ಹಿಡಿಸಿತು. ಹಿಡಿಸಿದ್ದೇ ತಡ, ಮೊದಲ ದಿನವೇ ಒಂದು ತಾಸು ನಡೆದು ಮೀನಖಂಡ ಬಿಗಿದು ಎರಡು ದಿನ ಮೆಟ್ಟಿಲು ಹತ್ತಲಾಗಲಿಲ್ಲ. ಪಾದವನ್ನು ವಿಷಮವಾಗಿ ಇರಿಸುವುದರಿಂದ ಬರುವ ನೋವನ್ನು ನಾವು ವಾತಕಂಟಕವೆಂದು ಓದಿದ್ದೇವೆ. ಅದರ ಮುನ್ಸೂಚನೆಯೂ ಕಾಣಿಸಿತು. ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ, ಎರಡು ಮೂರು ತಿಂಗಳು ತೆಗೆದುಕೊಂಡು ಹೆಚ್ಚಿಸಬೇಕಾದ ಅಭ್ಯಾಸವಿದು. ಅವಸರ ಮಾಡಿದ ಓಟಗಾರರ ಪಾದದ ಮೂಳೆಗಳಲ್ಲಿ ಬಾವು ಕಂಡುಬಂದದ್ದನ್ನು ಅಮೆರಿಕದ ಸಂಶೋಧಕರು 2013ರಲ್ಲಿ ದಾಖಲಿಸಿದ್ದಾರೆ. ಐದು ಬೆರಳುಗಳ ಷೂ ತಯಾರಿಸುವ ವೈಬ್ರಂ ಸಂಸ್ಥೆ ತನ್ನ ಆರೋಗ್ಯದ ಹೇಳಿಕೆಗಳಿಗೆ ಸಂಬಂಧಿಸಿದ ಮೊಕದ್ದಮೆಯನ್ನು 2014ರಲ್ಲಿ ಹಣ ಕೊಟ್ಟು ಇತ್ಯರ್ಥಪಡಿಸಿಕೊಂಡಿತು. ಇವನ್ನೆಲ್ಲ ನಾನು ಓದಿಯೂ ಇದ್ದೆ.

ಓದಿಯೂ, ನನ್ನ ಪತ್ನಿಗೆ ಅಂಥದೇ ತೆಳು ಅಟ್ಟೆಯ ಜೋಡನ್ನು ತರಿಸಿಕೊಟ್ಟೆ. ಅವರಿಗೆ ಹದಿನಾಲ್ಕು ವರ್ಷಗಳಿಂದ ಮಧುಮೇಹ. ಅಳತೆಯಲ್ಲಿ ದೋಷವಿರಲಿಲ್ಲ, ಹಾಳೆಯ ಮೇಲೆ ಗೆರೆ ಎಳೆದವನು ನಾನೇ. ನೆಲದ ಸ್ಪರ್ಶ ಇನ್ನಷ್ಟು ತಿಳಿಯಲೆಂದು ಒಳಗಿನ ಹಾಸನ್ನೂ ತೆಗೆಸಿದೆ. ನವೆಂಬರಿನ ಒಂದು ಮಧ್ಯಾಹ್ನ ಮೊಮ್ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅವರು ಮುಕ್ಕಾಲು ತಾಸು ನಡೆದು ಬಂದರು. ಸಂಜೆ ಕಾಲಚೀಲದಲ್ಲಿ ರಕ್ತದ ಕಲೆ. ಷೂವಿನೊಳಗೆ ಮಗುವಿನ ಆಟಿಕೆಯ ಒಂದು ಪ್ಲಾಸ್ಟಿಕ್ ತುಂಡು ಬಿದ್ದಿತ್ತು. ಅಷ್ಟು ಹೊತ್ತು ಅದರ ಮೇಲೆಯೇ ನಡೆದಿದ್ದರು. ಅವರಿಗೆ ತಿಳಿದಿರಲಿಲ್ಲ.

ಮಗಳು ಪಾದತಜ್ಞೆಯೊಬ್ಬರಲ್ಲಿಗೆ ಕರೆದೊಯ್ದಳು. ಅವರು ಒಂದು ಸಣ್ಣ ನೈಲಾನ್ ಎಳೆಯನ್ನು ತೆಗೆದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ. ಪತ್ನಿಗೆ ಕಣ್ಣು ಮುಚ್ಚಲು ಹೇಳಿ, ಅಂಗಾಲಿನಲ್ಲಿ ಹತ್ತು ಕಡೆ ಮುಟ್ಟಿಸಿದರು. ಆರು ಕಡೆ ಪತ್ನಿ ಏನನ್ನೂ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನಗೆ ಆ ಮೌನವನ್ನು ತಾಳುವುದು ಕಷ್ಟವಾಯಿತು. ಪ್ರಮೇಹದ ಪೂರ್ವರೂಪಗಳಲ್ಲಿಯೇ ಕೈಕಾಲುಗಳ ಸುಪ್ತತೆಯನ್ನು, ಎಂದರೆ ಜೋಮು ಹಿಡಿದು ಸ್ಪರ್ಶ ಮಂಕಾಗುವುದನ್ನು, ಚರಕರು ಹೇಳಿದ್ದಾರೆ. ಆ ಭಾಗವನ್ನು ನಾನು ಶಿಬಿರಗಳಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಮನೆಗೆ ಮರಳುವಾಗ ಕಾರಿನಲ್ಲಿ ಪತ್ನಿ ಹೇಳಿದ್ದು ಒಂದೇ ಮಾತು: "ಊರ ಮಂದೀ ಕಾಲೆಲ್ಲಾ ನೋಡ್ತೀರಿ, ನನ್ನ ಕಾಲು ಒಮ್ಮೆನೂ ನೋಡಲಿಲ್ಲಲ್ರೀ."

ಹುಣ್ಣು ಮಾಯಲು ಏಳು ವಾರ ಹಿಡಿಯಿತು. ಮೊದಲೇ ಇದ್ದ ಕಾಯಿಲೆಯೆಂಬ ಕಾರಣ ನೀಡಿ ಪ್ರವಾಸಿ ವಿಮೆಯವರು ಒಂದು ಡಾಲರನ್ನೂ ಕೊಡಲಿಲ್ಲ. ಮೊಮ್ಮಗನನ್ನು ನೋಡಿಕೊಳ್ಳಲೆಂದು ಹೋದವರು ಮಗಳಿಂದ ನೋಡಿಸಿಕೊಳ್ಳಬೇಕಾಯಿತು.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಅಗಲವಾದ, ಸಮತಟ್ಟಾದ, ಬಾಗುವ ಪಾದರಕ್ಷೆ ಆರೋಗ್ಯವಂತ ಪಾದಕ್ಕೆ ಹಿತವೆಂಬ ನನ್ನ ನಂಬಿಕೆ ಸಡಿಲವಾಗಿಲ್ಲ. ನಾನು ಇಂದಿಗೂ ಅದನ್ನೇ ಧರಿಸುತ್ತೇನೆ. ಆದರೆ ತೆಳು ಅಟ್ಟೆ ನೆಲದ ಸುದ್ದಿಯನ್ನು ತಲುಪಿಸುವುದು ಕೇಳಬಲ್ಲ ಪಾದಕ್ಕೆ ಮಾತ್ರ. ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗೆ ಅದು ರಕ್ಷೆಯಲ್ಲ. ಅವರಿಗೆ ಬೇಕಾದದ್ದು ಅಗಲವೂ ಆಳವೂ ಇದ್ದು, ಮೆತ್ತನೆಯ ಹಾಸುಳ್ಳ, ಒಳಗೆ ಗಡುಸು ಹೊಲಿಗೆಯಿಲ್ಲದ ಮುಚ್ಚಿದ ಷೂ. ಧರಿಸುವ ಮುನ್ನ ಪ್ರತಿಸಲ ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಇಲ್ಲವೆ ಮನೆಯವರು ನೋಡಬೇಕು. ಮನೆಯೊಳಗೂ ಬರಿಗಾಲು ಸಲ್ಲದು. ಬೇಸಿಗೆಯ ಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕುವ ಭಕ್ತರಿಗೂ ಈ ಮಾತು ಅನ್ವಯಿಸುತ್ತದೆ. ಅಂಥವರು ಬೆಳಗಿನ ತಂಪಿನಲ್ಲಿ ಬರಲಿ, ದಪ್ಪ ಕಾಲಚೀಲ ಧರಿಸಲಿ. ಎಳ್ಳೆಣ್ಣೆಯ ಪಾದಾಭ್ಯಂಗ ಒಳ್ಳೆಯದೇ, ಚಳಿನಾಡಿನಲ್ಲಿ ಹಿಮ್ಮಡಿ ಒಡೆಯುವವರಿಗಂತೂ ಅವಶ್ಯ. ಆದರೆ ಬೆರಳ ಸಂದುಗಳನ್ನು ಒಣಗಿಸಿ, ಎಣ್ಣೆ ಒರೆಸಿ, ಆಮೇಲೆ ಮರದ ನೆಲದ ಮೇಲೆ ಕಾಲಿಡಿ. ಹುಣ್ಣಿದ್ದರೆ ಎಣ್ಣೆಯನ್ನು ಬಿಟ್ಟು ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಕಳೆದ ತಿಂಗಳು ಮಗನಿರುವ ಸಿಡ್ನಿಗೆ ಹೊರಟ ದಂಪತಿಗಳು ಎಂದಿನಂತೆ ಚೂರ್ಣದ ಪಟ್ಟಿ ಕೇಳಲು ಬಂದಿದ್ದರು. ನಾನು ಮೊದಲು ಇಬ್ಬರ ಕಾಲಚೀಲ ಬಿಚ್ಚಿಸಿ, ಎರಡು ಹಾಳೆಗಳ ಮೇಲೆ ನಿಲ್ಲಿಸಿ, ಪಾದದ ಗೆರೆ ಎಳೆದುಕೊಟ್ಟೆ. ಅಂಥ ನೈಲಾನ್ ಎಳೆಯೊಂದು ಈಗ ನನ್ನ ಮೇಜಿನ ಮೇಲೂ ಇದೆ. ಯಜಮಾನರು ಹತ್ತೂ ಕಡೆ ಗುರುತಿಸಿದರು. ಅವರ ಪತ್ನಿ ಎಡಗಾಲಿನಲ್ಲಿ ಮೂರು ಕಡೆ ತಪ್ಪಿದರು. ಅವರಿಗೂ ಮಧುಮೇಹವಿದೆ. ಮಗ ಆಗಲೇ ಇಬ್ಬರಿಗೂ ಒಂದೇ ಬಗೆಯ ತೆಳು ಷೂ ತರಿಸಿಟ್ಟಿದ್ದಾನಂತೆ. ತಾಯಿಯ ಜೋಡನ್ನು ಹಿಂದಿರುಗಿಸಲು ನನ್ನ ಮೇಜಿನಿಂದಲೇ ಫೋನ್ ಮಾಡಿಸಿದೆ.