ಸಿಡಿಲಿಗೆ ಮೊದಲೇ ನೆಲವನ್ನು ಅಳೆಯಿರಿ

ಎಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆಯಿಂದ ಗುಡುಗು ಕೇಳಿತೆಂದರೆ ಮಂಗಳೂರಿನಲ್ಲಿ ದೀಪ ಆರುವುದು ಹೊಸತಲ್ಲ. “ಸಿಡಿಲು ದೈವಾಧೀನ, ನಾವೇನು ಮಾಡೋಣ?” ಎಂಬ ಮಾತೂ ಹೊಸತಲ್ಲ. ಸಿಡಿಲು ದೈವಾಧೀನವೇ ಇರಲಿ. ಟ್ರಾನ್ಸ್‌ಫಾರ್ಮರನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಮನುಷ್ಯಾಧೀನವೆಂದು ನಾವು ಹೇಳುತ್ತೇವೆ.

ತಂತಿಯಲ್ಲಿ ಓಡಿಬಂದ ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುವ ಕಾವಲುಗಾರನೇ ಸರ್ಜ್ ಅರೆಸ್ಟರ್. ಲೈನ್‌ಮನ್‌ಗಳ ಬಾಯಲ್ಲಿ ಎಲ್.ಎ. ಅದರೊಳಗಿನ ಸತುವಿನ ಆಕ್ಸೈಡ್ ಬಿಲ್ಲೆಗಳು ಸಾಮಾನ್ಯ ವೋಲ್ಟೇಜಿಗೆ ಬಾಗಿಲು ಮುಚ್ಚಿರುತ್ತವೆ, ಮಿತಿ ಮೀರಿದೊಡನೆ ತೆರೆಯುತ್ತವೆ. ಆದರೆ ಹೊರಗೆ ದಾರಿಯೇ ಇಲ್ಲದಿದ್ದರೆ ಬಾಗಿಲು ತೆರೆದು ಫಲವೇನು? ನಮ್ಮ ಊರು ನಿಂತಿರುವುದು ಮುರಕಲ್ಲಿನ ಮೇಲೆ. ಒಣಗಿದ ಮುರಕಲ್ಲು ವಿದ್ಯುತ್ತಿಗೆ ಸುಲಭದಲ್ಲಿ ದಾರಿ ಕೊಡದು. ಪತ್ತನಾಜೆಗೆ ಮುಂಚಿನ ಸಿಡಿಲು ಬರುವುದೋ, ನೆಲ ಅತಿಯಾಗಿ ಒಣಗಿರುವಾಗಲೇ! ಆಗಸ್ಟಿನ ಮಳೆಯಲ್ಲಿ ಅರ್ತಿಂಗ್ ಅಳೆದು ‘ಸರಿಯಿದೆ’ ಎಂದು ಬರೆದಿಟ್ಟರೆ ಅದು ಬರೇ ಕಾಗದದ ಕಾವಲು.

ಕಾವೂರಿನ 220 ಕಿಲೋವೋಲ್ಟ್ ಸ್ಟೇಷನ್ನಿನಂಥ ಕಡೆ ದೊಡ್ಡ ಟ್ರಾನ್ಸ್‌ಫಾರ್ಮರುಗಳಿಗೆ ಇನ್ನೊಂದು ಕಾವಲುಂಟು, ಡಿಫರೆನ್ಷಿಯಲ್ ರಿಲೇ. ಅಂಗಡಿ ನಡೆಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಬಂದ ಕರೆಂಟು, ಹೊರಹೋದ ಕರೆಂಟು, ಎರಡನ್ನೂ ಅದು ಸದಾ ತಾಳೆ ನೋಡುತ್ತಿರುತ್ತದೆ. ಲೆಕ್ಕ ತಪ್ಪಿತೋ, ಕೆಡುಕು ಮನೆಯೊಳಗೇ ಇದೆ ಎಂದು ತಿಳಿದು ಎವೆಯಿಕ್ಕುವಷ್ಟರಲ್ಲಿ ಬ್ರೇಕರುಗಳನ್ನು ಬೀಳಿಸುತ್ತದೆ. ಹಾಗೆ ನಿಂತ ಟ್ರಾನ್ಸ್‌ಫಾರ್ಮರನ್ನು ಪರೀಕ್ಷಿಸದೆ ಮತ್ತೆ ಚಾಲೂ ಮಾಡುವುದೆಂದರೆ ಪಾಳಿಯಲ್ಲಿರುವ ನೌಕರನ ಜೀವದೊಡನೆ ಆಟ. “ಬೇಗ ಕರೆಂಟು ಕೊಡಿ” ಎಂದು ಫೋನಿನಲ್ಲಿ ಗದರುವ ದೊಡ್ಡವರು ಇದನ್ನು ತಿಳಿಯಲಿ. ನಮ್ಮ ಓದುಗರೂ ಆ ಹೊತ್ತು ತಾಳಿಕೊಳ್ಳಬೇಕು.

ಆದರೆ ಓಣಿಯ ಕಂಬದ ಟ್ರಾನ್ಸ್‌ಫಾರ್ಮರಿಗೆ ಈ ರಿಲೇ ಇಲ್ಲ. ಎಲ್.ಎ., ಫ್ಯೂಸು, ನೆಲಕ್ಕಿಳಿದ ತಂತಿ, ಇಷ್ಟೇ ಅದರ ಆಸ್ತಿ. ಅದು ಸುಟ್ಟರೆ ಹಿಟ್ಟಿನ ಗಿರಣಿ ನಿಲ್ಲುತ್ತದೆ, ಮೀನಿನ ಮಂಜುಗಡ್ಡೆ ಕರಗುತ್ತದೆ, ಗೇರುಬೀಜ ಕಾರ್ಖಾನೆಯಲ್ಲಿ ತೂಕದ ಲೆಕ್ಕಕ್ಕೆ ದುಡಿಯುವ ಹೆಂಗಸಿನ ಆ ದಿನದ ಕೂಲಿ ಹೋಗುತ್ತದೆ. ನಿಗದಿತ ಶುಲ್ಕ ಮಾತ್ರ ಬಿಲ್ಲಿನಿಂದ ಇಳಿಯುವುದಿಲ್ಲ.

2002ರಿಂದ ಇಲ್ಲಿನ ವಿತರಣೆ ಮೆಸ್ಕಾಂ ಕೈಯಲ್ಲಿದೆ. ದೊಡ್ಡ ಸ್ಟೇಷನ್ನುಗಳು ಕೆ.ಪಿ.ಟಿ.ಸಿ.ಎಲ್.ನವು. ಎರಡೂ ಸರಕಾರದವೇ, ಎಂದರೆ ನಮ್ಮವೇ. ನಾವು ಕೇಳುವುದು ಹೆಚ್ಚಿನದಲ್ಲ. ಪ್ರತಿ ಮಾರ್ಚಿನಲ್ಲಿ ಕಂಬ ಕಂಬಕ್ಕೂ ಹೋಗಿ ಅರ್ತಿಂಗ್ ಅಳೆಯಲಿ, ಅಂಕಿಯನ್ನೂ ದಿನಾಂಕವನ್ನೂ ಕಂಬದ ಮೇಲೆಯೇ ಬರೆಯಲಿ. ಒಣಗಿದ ಗುಂಡಿಗೆ ನೀರು ಹೊಯ್ಯಲಿ, ಸಾಲದಿದ್ದರೆ ಇನ್ನೊಂದು ಗುಂಡಿ ತೋಡಲಿ. ಮುಂದಿನ ಸಲ ದರ ಏರಿಕೆಯ ಅರ್ಜಿಯ ಮೇಲೆ ವಿದ್ಯುತ್ ನಿಯಂತ್ರಣ ಆಯೋಗ ವಿಚಾರಣೆಗೆ ಕುಳಿತಾಗ, ಮಾರ್ಚಿನಲ್ಲಿ ಎಷ್ಟು ಕಂಬ ಅಳೆದಿರಿ ಎಂದು ನಾವೆಲ್ಲರೂ ಎದ್ದುನಿಂತು ಕೇಳೋಣ.